ಪ್ಲೇಟ್ ರತ್ನಮ್ಮನ ಪ್ರಕಾರ ನನ್ನ ವಯಸ್ಸು

ಯಾರು ಯಾವ ಹಾಡು ಕೇಳಿದರೂ ಮುನಿರತ್ನಮ್ಮನ ಉತ್ತರ ಒಂದೇ: "ನಿನ್ ವಯಸ್ಸಿಗೆ ಅದಲ್ಲ." ಹುಣಸೆಮರದ ಕೆಳಗೆ, ಪ್ಲೇಟುಗಳ ತಗಡಿನ ಪೆಟ್ಟಿಗೆಯ ಪಕ್ಕ ಚಾಪೆ ಹಾಸಿಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೂತಿರುತ್ತಿದ್ದಳು. ಮೇಲೆ ಕೊಂಬೆಗೆ ಕಟ್ಟಿದ ಎರಡು ಹಾರನ್ನುಗಳು ದೇವರಾಯಸಮುದ್ರದ ಕೆರೆಯ ಆಚೆ ದಡದವರೆಗೂ ಹಾಡು ಮುಟ್ಟಿಸುತ್ತಿದ್ದವು. ಮದುವೆಮನೆಯ ಪಡ್ಡೆ ಹುಡುಗರು ಬಂದು ಹೊಸ ಸಿನಿಮಾದ ಹಾಡು ಹಾಕೆಂದು ಗೋಗರೆದರೆ ಒಂದು ಕಣ್ಣು ತೆರೆದು, ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಆ ತೀರ್ಪು ಕೊಟ್ಟು ಮತ್ತೆ ಕಣ್ಣು ಮುಚ್ಚುವಳು. ಪಟೇಲರ ಅಳಿಯ ಕೇಳಿದರೂ ಅದೇ. ಸ್ಕೂಲಿನ ಹೆಡ್‌ಮಾಸ್ಟರು ಒಂದು ಭಕ್ತಿಗೀತೆ ಕೇಳಿದಾಗಲೂ ಅದೇ. ಆ ಹೆಡ್‌ಮಾಸ್ಟರು ಆಮೇಲೆ ಎರಡು ದಿನ ಕನ್ನಡಿಯ ಮುಂದೆ ನಿಂತಿದ್ದರಂತೆ.

ಊರಿಗೆಲ್ಲ ಅವಳು ಪ್ಲೇಟ್ ರತ್ನಮ್ಮ. ಗ್ರಾಮಫೋನ್ ರೆಕಾರ್ಡಿಗೆ ನಮ್ಮ ಕಡೆ ಪ್ಲೇಟು ಎಂದೇ ಹೆಸರು. ನಾನು ಪಕ್ಕದ ಮನೆಯ ಹುಡುಗಿಯಾದ್ದರಿಂದ ನನಗೆ ಮಾತ್ರ ರತ್ನತ್ತೆ. ಅವಳ ಗಂಡ ಚೌಡಪ್ಪನವರು ಮುಳಬಾಗಿಲಿನ ಸುತ್ತಮುತ್ತಲ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಮೈಕ್ ಸೆಟ್ ಹಾಕುತ್ತಿದ್ದರು. ಅವರು ತೀರಿಕೊಂಡಾಗ ಹಾರನ್ನು, ಆಂಪ್ಲಿಫೈಯರು ಎಲ್ಲ ಮಾರಿಬಿಡುತ್ತಾಳೆ ಎಂದು ಊರವರು ಅಂದುಕೊಂಡಿದ್ದರು. ಒಂದು ತಿಂಗಳಾದ ಮೇಲೆ ನೋಡಿದರೆ ಅತ್ತೆ ಸೀರೆಯನ್ನು ಕಚ್ಚೆ ಕಟ್ಟಿ, ಏಣಿ ಹತ್ತಿ, ತಾನೇ ಹಾರನ್ ಕಟ್ಟುತ್ತಿದ್ದಳು. ಕೆಳಗೆ ನಿಂತು ಬಾಯಿ ಬಿಟ್ಟು ನೋಡುತ್ತಿದ್ದ ಗಂಡಸರಿಗೆ, "ಏಣಿ ಹಿಡ್ಕೊಳ್ರೋ, ನನ್ನ ನೋಡಿದ್ದು ಸಾಕು" ಎಂದು ಗದರಿದಳಂತೆ.

ಮನುಷ್ಯನ ಒಂದೊಂದು ವಯಸ್ಸಿಗೆ ಒಂದೊಂದು ಪ್ಲೇಟು ಇರುತ್ತದೆ, ಅದು ಬಿಟ್ಟು ಬೇರೆ ಕೇಳಿದರೆ ಮೈಗೆ ಹತ್ತುವುದಿಲ್ಲ ಎನ್ನುವುದು ಅವಳ ಶಾಸ್ತ್ರ. ನನ್ನ ಒಂಬತ್ತನೇ ವಯಸ್ಸಿಗೆ ಅವಳು ಬರೆದುಕೊಟ್ಟ ಔಷಧಿ ಒಂದು ಹಾಸ್ಯ ನಾಟಕದ ಪ್ಲೇಟು. ಅದರಲ್ಲಿ ಒಬ್ಬ ಜಿಪುಣ ಶೆಟ್ಟಿ ಬಾವಿಗೆ ಬೀಳುತ್ತಾನೆ, ಮೇಲಿನಿಂದ ಇಡೀ ಊರು ನಗುತ್ತದೆ. ಆ ನಗುವೇ ಒಂದು ನಿಮಿಷ ಇತ್ತು. ನಾನು ಅದನ್ನು ದಿನಕ್ಕೆ ನಾಲ್ಕು ಸಲ ಹಾಕಿಸಿಕೊಂಡು ಕೇಳಿ, ಶೆಟ್ಟಿ ಬೀಳುವ ಮೊದಲೇ ನಗುವುದನ್ನು ಕಲಿತೆ. ಹದಿನಾಲ್ಕಕ್ಕೆ ನನ್ನ ಕಣ್ಣು ಒಂದು ಸಿನಿಮಾ ಪ್ಲೇಟಿನ ಮೇಲೆ ಬಿತ್ತು. ಅದರ ರಟ್ಟಿನ ಕವರಿನ ಮೇಲೆ ನಾಯಕಿ ಗುಲಾಬಿ ಸೀರೆಯಲ್ಲಿ ಬಂಡೆಗೊರಗಿ ನಿಂತಿದ್ದಳು. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಬರೀ ವೀಣೆಯ ಪ್ಲೇಟೊಂದನ್ನು ಕೊಟ್ಟಳು. "ಇದ್ರಲ್ಲಿ ಮಾತೇ ಇಲ್ವಲ್ಲತ್ತೆ" ಎಂದು ನಾನು ಮುಖ ಊದಿಸಿದರೆ, "ಹದಿನಾಲ್ಕಕ್ಕೆ ನಿನ್ ಬಾಯಲ್ಲೇ ಬೇಕಾದಷ್ಟಿದೆ, ಊರ್ಕೋ" ಎಂದಳು. ಸುಮ್ಮನಿರು ಎಂದು ತೆಲುಗಿನಲ್ಲಿ ಹೇಳಿದರೆ ಅದು ಅವಳ ಕೊನೆಯ ಮಾತು. ಸಿಟ್ಟಿನಲ್ಲೇ ಕೇಳಲು ಶುರು ಮಾಡಿದೆ. ಯಾವಾಗ ಸಿಟ್ಟು ಹೋಯಿತು, ಯಾವಾಗ ವೀಣೆ ಒಳಗೆ ಬಂತು, ತಿಳಿಯಲಿಲ್ಲ. ಪಿಯುಸಿಯಲ್ಲಿ ಢುಮ್ಕಿ ಹೊಡೆದು ಮನೆಯಲ್ಲಿ ಕೂತಾಗ ಹೆಂಗಸರು ರಾಗಿ ಬೀಸುತ್ತ ಹಾಡುವ ಪದಗಳ ಪ್ಲೇಟು ಬಂತು. "ಫೇಲಾದೋರಿಗೆ ಇದೇ. ಬೀಸ್ತಾ ಬೀಸ್ತಾ ಹಿಟ್ಟಾಗುತ್ತೆ ಬಿಡು." ನಮ್ಮಪ್ಪನ ಬೈಗುಳಕ್ಕಿಂತ ಅದು ಕೆಲಸಕ್ಕೆ ಬಂತು. ಮುಂದಿನ ವರ್ಷ ಪಾಸಾಗಿ ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ.

ಹೀಗೆ ಅವಳ ಶಾಸ್ತ್ರವನ್ನು ನಾನು ಪೂರ್ತಿ ನಂಬಿಕೊಂಡು ಇಪ್ಪತ್ತು ಮುಟ್ಟಿದಾಗ ವಕ್ಕಲೇರಿಯಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ ಬಂತು. ಸೆಟ್ ಅತ್ತೆಯದೇ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಡು ಭರ್ಜರಿಯಾಗಿ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಗಾಯಕಿಯ ಗಂಟಲು ಗಂಡಸಿನದಾಗಿ, ಆಮೇಲೆ ಎಮ್ಮೆಯದಾಗಿ, ನಿಂತೇ ಹೋಯಿತು. ಅತ್ತೆ ಮಾತ್ರ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಲೇ ಇದ್ದಳು. ತೊಡೆಯ ಮೇಲೆ ತಾಳ ಬೀಳುತ್ತಲೇ ಇತ್ತು. ಕರೆಂಟಿನವರನ್ನು ಅಣಕಿಸುತ್ತಿದ್ದಾಳೆ ಎಂದು ಜನ ನಕ್ಕರು. ನಾನೂ ನಗುತ್ತ ಹೋಗಿ ಭುಜ ಮುಟ್ಟಿದೆ. ಕಣ್ಣು ತೆರೆದಳು, ನಿಂತ ಪ್ಲೇಟನ್ನು ನೋಡಿದಳು. ಒಂದು ಗಳಿಗೆ ಅವಳ ಮುಖದಲ್ಲಿ ಭಯ ಹಾದುಹೋಯಿತು. ಅದನ್ನು ನೋಡಿದವಳು ನಾನೊಬ್ಬಳೇ. ಮರುಗಳಿಗೆಯಲ್ಲೇ, "ನಡೀತಿರೋ ಹಾಡಿಗೆ ಯಾರ್ ಬೇಕಾದ್ರೂ ತಾಳ ಹಾಕ್ತಾರೆ. ನಿಂತಿರೋ ಹಾಡಿಗೆ ಹಾಕೋಕೆ ಬರ್ಬೇಕು ಕಣೇ" ಎಂದಳು. ಜನ ಇನ್ನೂ ನಕ್ಕರು.

ಅವತ್ತು ಸಾಯಂಕಾಲ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಕಡಲೇಕಾಯಿ ತಿನ್ನುತ್ತ ಕೂತಿದ್ದಾಗ ಅವಳ ಬೆನ್ನ ಹಿಂದೆ ನಿಂತು, "ಅತ್ತೆ, ನಿನ್ ಸೆರಗಿಗೆ ಬೆಂಕಿ ಹತ್ತಿದೆ" ಎಂದೆ. ಪಕ್ಕದ ಬೆಂಚಿನ ಮುದುಕ ಎದ್ದು ನಿಂತ. ಅತ್ತೆ ಇನ್ನೊಂದು ಕಡಲೇಕಾಯಿ ಸುಲಿದಳು. ನಾನು ಎದುರಿಗೆ ಬಂದು, "ಅತ್ತೆ, ನಿಂಗೆ ಕಿವಿ ಕೇಳಲ್ಲ" ಎಂದೆ. ಅವಳು ನನ್ನ ಕಣ್ಣು ನೋಡಲಿಲ್ಲ, ಬಾಯಿ ನೋಡಿದಳು.

"ಮೆಲ್ಲಗೆ ಹೇಳೇ, ಪಾಪಿ."

"ಮೆಲ್ಲಗೆ ಹೇಳಿದ್ನೋ ಜೋರಾಗಿ ಹೇಳಿದ್ನೋ ನಿಂಗೆ ಹೆಂಗ್ ಗೊತ್ತಾಯ್ತು?"

"ಅಗೋ, ಆ ಕಂಡಕ್ಟರ್ ತಿರುಗಿ ನೋಡಿದ."

ಆಮೇಲೆ ಎಲ್ಲ ಹೇಳಿದಳು. ಹನ್ನೆರಡು ವರ್ಷದ ಹಿಂದೆ ಬಲಗಿವಿ, ಆಮೇಲೆ ಎಡಗಿವಿ. ಎರಡು ಹಾರನ್ನುಗಳ ಕೆಳಗೆ ಕೂತವರಿಗೆ ಇನ್ನೇನು ಸಿಗುತ್ತದೆ? ಈಗ ಕೆರೆ ಕೋಡಿ ಬಿದ್ದ ಹಾಗೆ ಒಂದೇ ಶಬ್ದ. ಪ್ಲೇಟಿನ ಗೆರೆಗಳಲ್ಲಿ ಮುಳ್ಳು ಎಲ್ಲಿದೆ ಎಂದು ನೋಡಿದರೆ ಹಾಡು ಎಲ್ಲಿದೆ ಎನ್ನುವುದು ಗೊತ್ತಾಗುತ್ತದೆ, ಕಣ್ಣು ಮುಚ್ಚಿದರೆ ಉಳಿದದ್ದು ತಲೆಯೊಳಗೆ ತಾನೇ ನಡೆಯುತ್ತದೆ. ಗುಂಪುಗುಂಪಾಗಿ ಬಂದು ಹಾಡು ಕೇಳುವವರ ಬಾಯಿ ಓದುವುದೇ ಕಷ್ಟ, ಅದಕ್ಕೇ ಎಲ್ಲರಿಗೂ ಒಂದೇ ಉತ್ತರ.

ಅಂದರೆ ಅವಳ ಮಹಾಶಾಸ್ತ್ರ ಹುಟ್ಟಿದ್ದು ಕಿವುಡಿನಿಂದ! ಹೆಡ್‌ಮಾಸ್ಟರು ಕನ್ನಡಿ ನೋಡಿಕೊಂಡದ್ದು ದಂಡ. ನನಗೆ ನಗು ಬಂತು. ಅದರ ಹಿಂದೆಯೇ ಇನ್ನೊಂದು ಹೊಳೆದು ನಗು ನಿಂತಿತು: ಹೊಸ ಪ್ಲೇಟುಗಳನ್ನು "ಇನ್ನೂ ಹಸಿ, ಮಾಗಲಿ" ಎಂದು ಅವಳು ದೂರ ಇಡುತ್ತಿದ್ದುದು ಯಾಕೆ ಎಂದು. ಕಿವಿ ಹೋದ ಮೇಲೆ ಬಂದ ಒಂದು ಹಾಡೂ ಅವಳಿಗೆ ಗೊತ್ತಿರಲಿಲ್ಲ. ವೀಣೆಯನ್ನೂ ರಾಗಿ ಪದವನ್ನೂ ನನಗೆ ಕೊಟ್ಟದ್ದು ಬರೀ ನೆನಪಿನಿಂದ.

"ಯಾರಿಗೂ ಹೇಳ್ಬೇಡ" ಎಂದಳು. "ಕಿವುಡಿ ಸೆಟ್ ಹಾಕ್ತಾಳೆ ಅಂದ್ರೆ ನಗ್ತಾರೆ. ಯಾರೂ ಕರೆಯಲ್ಲ. ಈ ಸೆಟ್ ಹೋದ್ರೆ ನಾನ್ ಯಾರೇ? ಬರೀ ಮುನಿರತ್ನಮ್ಮ. ಅಂತೇ, ಅಷ್ಟೇ." ಆಮೇಲೆ ಎಚ್ಚರಿಕೆಯನ್ನೂ ಕೊಟ್ಟಳು: "ಬಾಯಿಬಿಟ್ಟೋ, ನಿನ್ ಮದ್ವೇಲಿ ಸಾವಿನ ಪ್ಲೇಟ್ ಹಾಕ್ತೀನಿ."

ಅಲ್ಲಿಂದ ಮುಂದೆ ನಾವಿಬ್ಬರೂ ಕಳ್ಳರು. ಒಂದೇ ಸಮಾರಂಭಕ್ಕೆ ಹೋದಾಗ ನಾನು ಅವಳ ಎದುರಿಗೆ ಕಾಣುವ ಹಾಗೆ ಕೂರಬೇಕು. ಮುಳ್ಳು ಒಂದೇ ಕಡೆ ಸಿಕ್ಕಿಕೊಂಡರೆ ಮೂಗು ಕೆರೆಯಬೇಕು, ಸದ್ದು ಹೆಚ್ಚಾದರೆ ಜಡೆ ಮುಂದಕ್ಕೆ ಹಾಕಿಕೊಳ್ಳಬೇಕು. ಕಿವಿ ಮಾತ್ರ ಮುಟ್ಟಬಾರದು, ಅನುಮಾನ ಬರುತ್ತದೆ ಎಂದು ಅವಳದೇ ಕಟ್ಟಪ್ಪಣೆ. ಕ್ಯಾಲನೂರಿನ ಒಂದು ನಾಮಕರಣದಲ್ಲಿ ನಾನು ಮೂಗು ಕೆರೆದದ್ದು ನೋಡಿ ಮನೆಯಾಕೆ ನಶ್ಯ ಬೇಕೇನಮ್ಮಾ ಎಂದು ಕೇಳಿದ್ದೂ ಉಂಟು.

ನನ್ನ ಮದುವೆ ಗೊತ್ತಾಯಿತು. ಹುಡುಗ ಶ್ರೀನಿವಾಸಪುರದವರು, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರು. ತಾನು ಎತ್ತಿ ಆಡಿಸಿದ ಹೆಣ್ಣುಮಕ್ಕಳ ಮದುವೆಯಲ್ಲಿ ಅತ್ತೆಗೆ ಒಂದು ಪದ್ಧತಿಯಿತ್ತು. ಬೆಳಗಿನಿಂದ ಮುಹೂರ್ತದವರೆಗೆ ಆ ಹುಡುಗಿಯ ಪ್ಲೇಟುಗಳನ್ನು ವಯಸ್ಸಿನ ವರಸೆಯಲ್ಲಿ ಒಂದೊಂದಾಗಿ ಹಾಕುವಳು. ಮೊದಲು ಜೋಗುಳ. ತಾಳಿ ಕಟ್ಟುವ ಹೊತ್ತಿಗೆ ಹುಡುಗಿ ದೊಡ್ಡವಳಾಗಿರಬೇಕು. ನನ್ನ ಜೋಗುಳ ಸುಸೂತ್ರವಾಗಿ ಮುಗಿಯಿತು. ಒಂಬತ್ತನೇ ವಯಸ್ಸಿನ ಜಿಪುಣ ಶೆಟ್ಟಿಯೂ ಬಾವಿಗೆ ಬಿದ್ದ. ಪ್ಲೇಟಿನೊಳಗಿನ ಊರು ನಗಲು ಶುರು ಮಾಡಿತು. ಮುಳ್ಳು ಅಲ್ಲೇ ಸಿಕ್ಕಿಕೊಂಡಿತು.

ಸರಿಯಾಗಿ ಅದೇ ಗಳಿಗೆಗೆ ಗಂಡಿನ ದೊಡ್ಡಪ್ಪ ಹೊಸ ಜರಿ ಪೇಟ ಸುತ್ತಿಕೊಂಡು ಚಪ್ಪರದೊಳಗೆ ಕಾಲಿಟ್ಟರು. ಹಾರನ್ನು ಹಹ್ಹಹ್ಹಾ ಎಂದಿತು. ಅವರು ನಿಂತರು. ಹಹ್ಹಹ್ಹಾ. ಪೇಟ ಸರಿಮಾಡಿಕೊಂಡರು. ಹಹ್ಹಹ್ಹಾ. ಕುರ್ಚಿಯಲ್ಲಿ ಕೂತರು, ಅದಕ್ಕೂ ಇಡೀ ಊರು ನಕ್ಕಿತು. ಚಪ್ಪರದಲ್ಲಿ ಮೊದಲು ಮಕ್ಕಳು, ಆಮೇಲೆ ಹೆಂಗಸರು, ಕೊನೆಗೆ ವಾಲಗದವರೂ ನಗತೊಡಗಿದರು. ನಾನು ಮಣೆಯ ಮೇಲೆ ಕೂತು ಒಂದೇ ಸಮನೆ ಮೂಗು ಕೆರೆಯುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡು, ತನ್ನ ತಲೆಯೊಳಗೆ ಬಹುಶಃ ವೀಣೆಗೆ ಬಂದುಬಿಟ್ಟು, ಪ್ರಶಾಂತವಾಗಿ ತಾಳ ಹಾಕುತ್ತಿದ್ದಳು. ನಮ್ಮಮ್ಮ ಓಡಿಬಂದು, "ಏನೇ ಅದು, ಮೂಗು ಕಿತ್ತು ಬರೋ ಹಂಗೆ! ಬೀಗರು ನೋಡ್ತಿದಾರೆ" ಎಂದು ನನ್ನ ಕೈ ಹಿಡಿದುಕೊಂಡರು.

ಬೇರೆ ದಾರಿ ಕಾಣಲಿಲ್ಲ. ಪಕ್ಕದಲ್ಲಿ ಕೂತ ಮದುಮಗನಿಗೆ ನಾನು ಆಡಿದ ಮೊಟ್ಟಮೊದಲ ಮಾತು, "ರೀ, ಆ ಹೆಂಗಸಿಗೆ ಏನಾದ್ರೂ ಎಸೀರಿ. ಕಿವಿ ಕೇಳಲ್ಲ, ಯಾರಿಗೂ ಹೇಳ್ಬೇಡಿ." ಅವರು ನನ್ನನ್ನೊಮ್ಮೆ ನೋಡಿದರು. ಕೈಯಲ್ಲಿದ್ದ ನಿಂಬೆಹಣ್ಣನ್ನು ಕೂತಲ್ಲಿಂದಲೇ ಎಸೆದರು. ಡ್ರಿಲ್ ಮಾಸ್ಟರಲ್ಲವೇ, ಅದು ನೇರವಾಗಿ ಅತ್ತೆಯ ಮೊಣಕಾಲಿಗೆ ಬಿತ್ತು. ಕಣ್ಣು ಬಿಟ್ಟಳು, ಮುಳ್ಳು ಎತ್ತಿದಳು. ದೃಷ್ಟಿ ತೆಗೆದರು ಎಂದು ಮುದುಕಿಯರು ಒಪ್ಪಿಕೊಂಡರು.

ದೊಡ್ಡಪ್ಪ ಒಪ್ಪಲಿಲ್ಲ. ಎದ್ದು ದಾಪುಗಾಲು ಹಾಕಿಕೊಂಡು ಹೋಗಿ ಅತ್ತೆಯ ಎದುರು ನಿಂತು, ಚಪ್ಪರಕ್ಕೆಲ್ಲ ಕೇಳುವ ಹಾಗೆ ಕಿರುಚಿದರು: "ಏನಮ್ಮಾ, ನಿನಗೇನು ಕಿವಿ ಕೇಳಲ್ವಾ?"

ನಗು ನಿಂತುಹೋಯಿತು. ಇಷ್ಟು ವರ್ಷ ಮುಚ್ಚಿಟ್ಟದ್ದು ನನ್ನ ಮದುವೆಯಲ್ಲೇ ಬಯಲಾಗಬೇಕೇ? ಅತ್ತೆ ಅವರ ತುಟಿಗಳನ್ನೇ ನೋಡಿದಳು. ನಿಧಾನವಾಗಿ ಎದ್ದು ನಿಂತು, ಕೈ ಮುಗಿದು ಹೇಳಿದಳು:

"ಕೇಳಲ್ಲ ಸ್ವಾಮಿ. ಹದಿನೈದು ವರ್ಷ ಆಯ್ತು."

ಚಪ್ಪರ ಹಾರಿಹೋಗುವ ಹಾಗೆ ಜನ ನಕ್ಕರು. ರತ್ನಮ್ಮನ ಬಾಯಿಗೆ ಸಿಕ್ಕಿಬಿದ್ದಿರಲ್ಲ ಎಂದು ಯಾರೋ ದೊಡ್ಡಪ್ಪನ ಬೆನ್ನು ತಟ್ಟಿದರು. ಅವರೂ ಕೊನೆಗೆ ಮೀಸೆಯಡಿಯಲ್ಲಿ ನಕ್ಕು ಕುರ್ಚಿಗೆ ವಾಪಸಾದರು. ಸಾವಿರ ಕಿವಿಗಳ ಮುಂದೆ ನಿಜ ಹೇಳಿದ್ದಳು, ಒಂದು ಕಿವಿಯೂ ನಂಬಲಿಲ್ಲ. ಅತ್ತೆ ಕೂತು ವೀಣೆಯ ಪ್ಲೇಟು ಹಾಕಿದಳು. ಈ ಸಲ ಮಾತ್ರ ಕಣ್ಣು ಮುಚ್ಚಲಿಲ್ಲ. ಹೊರಡುವಾಗ ಕಾಲಿಗೆ ಬಿದ್ದರೆ, "ನಿನ್ ಗಂಡನಿಗೆ ಗುರಿ ಚೆನ್ನಾಗಿದೆ. ಜಗಳ ಆಡುವಾಗ ದೂರ ನಿಂತ್ಕೊ" ಎಂದು ಆಶೀರ್ವಾದ ಮಾಡಿದಳು.

ಆಮೇಲೆ ಕ್ಯಾಸೆಟ್ಟು ಬಂತು. ಎಲ್ಲರಿಗೂ ಹಬ್ಬ, ಅವಳಿಗೆ ಮಾತ್ರ ಕತ್ತಲೆ. ಒಂದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದ್ರಲ್ಲಿ ಹಾಡು ಎಲ್ಲಿದೆ ಅಂತ ಕಾಣೋದೇ ಇಲ್ವಲ್ಲೇ" ಎಂದಿದ್ದಳು. ತಾನಾಗಿಯೇ ಸೆಟ್ ನಿಲ್ಲಿಸಿ ಮಾಲೂರಿನಲ್ಲಿದ್ದ ಮಗನ ಮನೆಗೆ ಹೋದಳು. ವಯಸ್ಸಾಯಿತು, ಏಣಿ ಹತ್ತಲಾಗುವುದಿಲ್ಲ ಎಂದು ಊರಿಗೆಲ್ಲ ಹೇಳಿದಳು. ಊರು ಅದನ್ನೂ ನಂಬಿತು.

ಕೊನೆಯ ಸಲ ಅವಳನ್ನು ನೋಡಿದ್ದು ಅಲ್ಲಿಯೇ, ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ. ನನ್ನ ಚೀಲದಲ್ಲಿ ಟೇಪ್‌ರೆಕಾರ್ಡರೂ ಒಂದು ಭಾವಗೀತೆಯ ಕ್ಯಾಸೆಟ್ಟೂ ಇದ್ದವು. ಯಾರ ಅಪ್ಪಣೆಯೂ ಇಲ್ಲದೆ ನಾನೇ ಆರಿಸಿಕೊಂಡ ಮೊದಲ ಸಂಗೀತ ಅದು. ಸಂತೆಗೆ ಹೋಗಿ ಉಪ್ಪು ಮರೆತು ಬಂದ ಗಂಡನನ್ನು ಹೆಂಡತಿ ಗೇಲಿ ಮಾಡುವ ಹಾಡೊಂದು ಅದರಲ್ಲಿ ನನಗೆ ತುಂಬ ಇಷ್ಟ. ಟೇಪು ಹಾಕಿ, ಅವಳ ಮುಖದ ಎದುರು ಮುಖ ತಂದು, ಹಾಡಿನ ಜೊತೆಯಲ್ಲೇ ಒಂದೊಂದು ಪದವನ್ನೂ ತುಟಿ ಬಿಡಿಸಿ ಹೇಳಿದೆ. ಅವರೆಕಾಯಿ ಕೈಯಲ್ಲೇ ಉಳಿಯಿತು. ಉಪ್ಪಿಲ್ಲದ ಸಾರು ಬಡಿಸುವ ಕಡೆ ಅವಳಿಗೆ ನಗು ತಡೆಯಲಾಗಲಿಲ್ಲ. ಮುಗಿದ ಮೇಲೆ ಹೇಳಿದಳು:

"ನನ್ ಕಿವಿ ಮುಚ್ಚಿದ್ಮೇಲೂ ಒಳ್ಳೇ ಹಾಡು ಬರ್ತಾನೇ ಇದೆ ಅನ್ನು. ನಾನು ಎಲ್ಲಾ ನಿಂತೋಗಿದೆ ಅಂದ್ಕೊಂಡಿದ್ದೆ ಕಣೇ."

ನನಗೆ ಸಂಕಟವಾಯಿತು. ಇಷ್ಟು ವರ್ಷ ಅವಳ ಗುಟ್ಟು ಕಾಯುವುದರಲ್ಲೇ ಮೆರೆದೆನೇ ಹೊರತು, ಹೀಗೆ ಎದುರಿಗೆ ಕೂತು ಒಂದು ಹೊಸ ಹಾಡು ಹೇಳಬೇಕೆಂದು ಹೊಳೆದಿರಲಿಲ್ಲ. ಅವಳು ಇನ್ನೊಂದು ಸಲ ಹಾಕಿಸಿದಳು, ಮತ್ತೊಂದು ಸಲ. ನಾಲ್ಕನೆಯ ಸಲಕ್ಕೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿ, ತಾನೇ ಹಾಡಿದಳು. ಪದ ಒಂದೂ ತಪ್ಪಲಿಲ್ಲ. ರಾಗ ಮಾತ್ರ ಅವಳದೇ. ಅದು ಯಾವ ಕಾಲದ್ದೋ, ಯಾವ ಪ್ಲೇಟಿನದೋ ಗೊತ್ತಿಲ್ಲ. ಟೇಪಿನಲ್ಲಿ ಹೆಂಡತಿ ಬರೀ ಗೇಲಿ ಮಾಡುತ್ತಿದ್ದಳು, ಅತ್ತೆಯ ರಾಗದಲ್ಲಿ ಅವಳಿಗೆ ಗಂಡನ ಮೇಲೆ ಪ್ರೀತಿಯೂ ಇತ್ತು. "ಸರಿಯಾಯ್ತಾ?" ಎಂದು ನನ್ನ ಬಾಯಿ ನೋಡಿದಳು. "ಹಿಂಗೇ ಇರೋದು ಅತ್ತೆ" ಎಂದೆ.

ಮುಂದಿನ ಬೇಸಿಗೆಯಲ್ಲಿ ಅತ್ತೆ ಹೋಗಿಬಿಟ್ಟಳು. ಆ ಹಾಡು ಈಗಲೂ ಯಾವಾಗಲಾದರೊಮ್ಮೆ ರೇಡಿಯೋದಲ್ಲಿ ಬರುತ್ತದೆ. ಯಾಕೋ ಇವರು ತಪ್ಪಾಗಿ ಹಾಡುತ್ತಿದ್ದಾರಲ್ಲ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.