ಎರಡು ಮೂಟೆ ಹುರುಳಿ ಹೊಟ್ಟು

ಗೆಳೆಯರೇ, ಹರವೆಯ ನಮ್ಮ ಬಾಡಿಗೆ ಮನೆಯ ಮುಂದಿನ ಗುಲಾಬಿ ಗಿಡಗಳ ಬುಡ ಒಣಗಬಾರದೆಂದು ಇವತ್ತು ಬೆಳಿಗ್ಗೆ ಹೊಟ್ಟು ಹಾಸಿದೆ. ಪಾತಿಯ ಉದ್ದ, ಅಗಲ ಅಳೆದು, ಮೂರು ಇಂಚು ದಪ್ಪಕ್ಕೆ ಎಷ್ಟು ಬೇಕೆಂದು ಮೊಬೈಲಿನಲ್ಲಿ ಲೆಕ್ಕ ಹಾಕಿ ಎರಡು ಮೂಟೆ ಹುರುಳಿ ಹೊಟ್ಟು ತರಿಸಿದ್ದೆ. ಒಂದು ಹಿಡಿಯೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಹೆಮ್ಮೆಯಿಂದ ಫೋಟೊ ತೆಗೆದು ಸ್ಟೇಟಸ್ ಹಾಕಿ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಪಕ್ಕದ ಮನೆಯ ನಿಂಗಮ್ಮನವರ ಹಸು ಪಾತಿಯ ಒಂದು ಬದಿಯನ್ನು ಖಾಲಿ ಮಾಡಿ, ಇನ್ನೊಂದು ಬದಿಗೆ ಬಾಯಿ ಹಾಕಿತ್ತು. ನನ್ನ ಗುಲಾಬಿಯನ್ನು ಮೂಸಿಯೂ ನೋಡಿರಲಿಲ್ಲ.

ಜಗಳಕ್ಕೇ ಹೋದೆ. "ನಿಮ್ಮ ಹಸು ನನ್ನ ಮಲ್ಚಿಂಗ್ ತಿಂದುಬಿಟ್ಟಿದೆ!"

"ಅದ್ಯಾವ ಚಿಂಗೋ ನಂಗೊತ್ತಿಲ್ಲ ಕಣಪ್ಪ. ಉಳ್ಳಿ ಹೊಟ್ಟ ಹಾಸ್ಬುಟ್ಟು ಗೇಟ್ ತಗ್ದಿಟ್ರೆ ಅಸ ಬರ್ದೆ ಇನ್ಯಾರ್ ಬಂದಾರು?" ಎಂದರು ನಿಂಗಮ್ಮ.

ತಿರುಗಿ ನೋಡಿದರೆ ನಮ್ಮ ಗೇಟು ಇನ್ನೂ ತೆರೆದೇ ಇತ್ತು. ಅವರೇ ದನಿ ತಗ್ಗಿಸಿ ಕೇಳಿದರು: "ಮಿಕ್ಕಿರದ್ನ ಎತ್ಕಂಡೋಗ್ಲಾ? ಹೆಂಗೂ ಎಂಜ್ಲು ಮಾಡ್ಬುಟ್ಟದೆ."

ಬಗ್ಗಿ ಬಗ್ಗಿ ಅವರ ಬುಟ್ಟಿಗೆ ತುಂಬಿಕೊಟ್ಟವನೂ ನಾನೇ.

ಸಂಜೆ ಅವರ ಮನೆಯಿಂದ ಒಂದು ಚೊಂಬು ಹಾಲು ಬಂತು. ನನ್ನ ತೋಟಗಾರಿಕೆಯ ಮೊದಲ ಫಸಲು.