ಸೀರೆಯಲ್ಲಿ ಸೋಸಿದ ಪೆಟ್ರೋಲು

ನನ್ನ ಗಂಡನ ಬಾಡಿಗೆ ಕಾರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಕಾರಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನೀವು ನಗಬಹುದು. ನನ್ನ ಜಾಗದಲ್ಲಿ ನಾಲ್ಕು ದಿನ ಇದ್ದು ಆಮೇಲೆ ನಗಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಗಾಜನೂರಿಗೆ ಸೊಸೆಯಾಗಿ ಬಂದಾಗ ಆ ಸವತಿ ಆಗಲೇ ಅಂಗಳದಲ್ಲಿ ನಿಂತಿತ್ತು. ಇವರು ಬೆಳಿಗ್ಗೆ ಎದ್ದು ಮೊದಲು ಅದರ ಮುಖ ಒರೆಸುತ್ತಿದ್ದರು. ನನಗೆ ಜ್ವರ ಬಂದರೆ ಕಷಾಯ ಕುಡಿ ಅನ್ನುವವರು, ಅದು ಒಮ್ಮೆ ಕೆಮ್ಮಿದರೆ ಊಟ ಬಿಟ್ಟು ಓಡುತ್ತಿದ್ದರು.

ನಮ್ಮ ಕಡೆ ಪೆಟ್ರೋಲು ಚಾಮರಾಜನಗರದಿಂದ ಡಬ್ಬಗಳಲ್ಲಿ ಬರುತ್ತಿತ್ತು. ತುಕ್ಕು, ಮಣ್ಣು ಇರುತ್ತದೆಂದು ಗಾಡಿಯವರೆಲ್ಲ ಬಟ್ಟೆಯಲ್ಲಿ ಸೋಸಿಯೇ ತುಂಬುತ್ತಿದ್ದರು. ಇವರಿಗೆ ಪಂಚೆ ಆಗದು. ಒಗೆದು ಒಗೆದು ಮೆತ್ತಗಾದ ನನ್ನ ನೂಲಿನ ಸೀರೆಯೇ ಬೇಕು. ಅವ್ವ ಕೊಟ್ಟ ಹಸಿರು ಸೀರೆಯೊಂದನ್ನು ಮುಂದೆ ಹುಟ್ಟುವ ಕೂಸಿನ ಜೋಲಿಗೆಂದು ಎತ್ತಿಟ್ಟಿದ್ದೆ. ಒಂದು ದಿನ ನೋಡಿದರೆ ಅದೂ ಹರಿದು ಕಾರಿನ ಸೇವೆಗೆ ಹೋಗಿತ್ತು.

ತಾಳಮಲೆಯ ತವರಿನಲ್ಲಿ ನನ್ನ ತಂಗಿಯ ಮದುವೆ ಬಂತು. ಅಕ್ಕನಾದ ನಾನೇ ಕಳಸಗಿತ್ತಿ. ಧಾರೆಯ ಹೊತ್ತಿಗೆ ತುಂಬಿದ ಕಳಸ ಹಿಡಿದು ಅವಳ ಪಕ್ಕದಲ್ಲಿ ನಿಲ್ಲಬೇಕು. ಚಿಕ್ಕಪ್ಪನ ಮಗಳಿಗೆ ಆ ಕಳಸದ ಮೇಲೆ ಮೊದಲಿಂದಲೂ ಕಣ್ಣು. ಅದು ಅವಳ ಕೈಗೆ ಹೋಗುವುದನ್ನು ನೆನೆಸಿಕೊಂಡರೇ ನನಗೆ ಮೈಯೆಲ್ಲ ಉರಿ. ಹಿಂದಿನ ದಿನವೇ ಬಸ್ಸಿಗೆ ಹೋಗುತ್ತೇನೆಂದೆ.

"ಮನೇಲಿ ಕಾರ್ ಮಡಿಕಂಡು ಬಸ್ಸಿಗ್ ಓದೀಯಾ?" ಎಂದರು.

ಮದುವೆಯ ಬೆಳಿಗ್ಗೆ ಕಾಡಿನ ಏರಿನಲ್ಲಿ ಕಾರು ಮುಗ್ಗರಿಸಿ ನಿಂತಿತು. ಸ್ವಲ್ಪ ತಡೆದು ಹೊರಡುವುದು, ಮತ್ತೆ ನಿಲ್ಲುವುದು. ಬಿಸಿಲು ಏರುತ್ತಿತ್ತು. ಕೊನೆಗೆ ಬಿದಿರು ತುಂಬಿದ ಲಾರಿಯೊಂದು ಬಂತು. ಅದರ ಡ್ರೈವರ್ ಇಳಿದು, ಪೆಟ್ರೋಲು ಹಾಯುವ ಪುಟ್ಟ ಫಿಲ್ಟರನ್ನು ಕಳಚಿ ಅಂಗೈಗೆ ಬಡಿದ. ತುಕ್ಕಿನ ಜೊತೆ ಹಸಿರು ನೂಲಿನ ಎಳೆಗಳು ಬಿದ್ದವು.

"ಇದ್ನ ಯಾವಾಗಣ್ಣ ಬದ್ಲಾಯ್ಸಿದ್ದು?"

"ಅದ್ನ್ಯಾಕ್ ಬದ್ಲಾಯ್ಸಬೇಕು? ನಾವೇ ಸೋಸಿ ಉಯ್ತೀವಲ್ಲ," ಎಂದರು ಇವರು, ಗರ್ವದಿಂದಲೇ.

"ಸೋಸೋ ಬಟ್ಟೆ ಎಳೇನೇ ಕಟ್ಕಂಡದೆ ಕಣಣ್ಣ. ಇದು ಅಳೇದಾದ್ರೆ ಬಿಸಾಕಿ ಒಸಾದು ಆಕ್ಬೇಕು." ಅವನು ಫಿಲ್ಟರಿನ ಹಿಂಬದಿಯಿಂದ ಬಾಯಲ್ಲಿ ಊದಿ ಮತ್ತೆ ಕೂರಿಸಿದ. "ತೂಕ ಕಮ್ಮಿ ಮಾಡ್ಕಂಡು ಮೆಲ್ಲುಗ್ ಓಗು."

ಕಾರಿನಲ್ಲಿದ್ದ ತೂಕ ನಾನೊಬ್ಬಳೇ.

"ಏರು ಮುಗಿಯೋಗಂಟ ನಡ್ಕಂಡ್ ಬಾಮ್ಮಿ. ಪಾಪ, ಉಸುರು ಕಟ್ಟದೆ ಅದ್ಕೆ," ಎಂದರು. ಆ ಪಾಪ ಎಂಬ ಮಾತನ್ನು ಅವರು ನನಗೆ ಒಮ್ಮೆಯಾದರೂ ಅಂದದ್ದು ನೆನಪಿಲ್ಲ. ರೇಷ್ಮೆ ಸೀರೆ ಎತ್ತಿ ಕಟ್ಟಿ, ಕಾರಿನ ಹೊಗೆ ಕುಡಿಯುತ್ತ ಹಿಂದೆ ನಡೆದೆ. ಅದು ಹಾಯಾಗಿ ಮುಂದೆ ಹೋಗುತ್ತಿತ್ತು.

ನಾವು ಮುಟ್ಟುವಷ್ಟರಲ್ಲಿ ಧಾರೆ ಮುಗಿದಿತ್ತು. ಚಿಕ್ಕಪ್ಪನ ಮಗಳು ಕಳಸ ಹಿಡಿದುಕೊಂಡೇ ಎಲ್ಲರ ಮುಂದೆ ಓಡಾಡುತ್ತಿದ್ದಳು. ಇವರು ಚಪ್ಪರದ ಕೆಳಗೆ ನಿಂತು ಕಾರು ಪಟ್ಟ ಪಾಡನ್ನು ಹೇಳಲು ಶುರು ಮಾಡಿದರು. ನೆಂಟರೆಲ್ಲ ಲೊಚಗುಟ್ಟಿದರು. ನನ್ನ ಕಾಲು ನೋಯುತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ತಂಗಿ ಹಸೆಯಿಂದೆದ್ದು ಕಣ್ಣು ತುಂಬಿಕೊಂಡು ಬಂದಳು. ಸದ್ಯ, ನನ್ನವಳೊಬ್ಬಳಾದರೂ ಇದ್ದಾಳಲ್ಲ ಎಂದುಕೊಂಡೆ. ಅವಳು ನನ್ನ ಕೈ ಹಿಡಿದು, ನನ್ನ ಹಿಂದೆ ನಿಂತಿದ್ದ ಇವರ ಕಡೆ ನೋಡಿದಳು.

"ಬಾವ, ಕಾರು ಈಗ ಎಂಗದೆ?"