ಎಲೆ ಒರೆಸುವ ಪಾಳಿ

ನಮ್ಮ ಶಾಲೆಯಲ್ಲಿ ಪ್ರಾರ್ಥನೆಗಿಂತ ಮುಂಚೆ ಎಲೆ ಒರೆಸುವ ಪಾಳಿ ನಡೆಯುತ್ತದೆ. ಬೇರೆ ಕಡೆಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಕಲಬುರಗಿಯಲ್ಲಿ ತರಬೇತಿಗೆ ಹೋದಾಗ ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದ ಶಿಕ್ಷಕಿಯೊಬ್ಬಳು, "ಎಲೆ ಒರೆಸೋದಾ? ಟೇಬಲ್ ಒರೆಸಿದ ಹಾಗಾ?" ಎಂದು ಕೇಳಿ ಪಕ್ಕದವಳ ಹೆಗಲಿಗೆ ಒರಗಿ ನಕ್ಕಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಹೌದ್ರಿ, ಟೇಬಲ್ ಒರಸಿದಂಗೇ. ನೀವೂ ಒಂದಿನ ಬರ್ರಿ, ನಿಮಗೂ ಒಂದು ಬಟ್ಟಿ ಕೊಡ್ತೀನಿ" ಎಂದೆ. ಆಕೆ ಆಮೇಲೆ ಊಟದ ಹೊತ್ತಿಗೂ ನನ್ನ ಹತ್ತಿರ ಸುಳಿಯಲಿಲ್ಲ.

ಶಾಲೆ ಇರುವುದು ಸೇಡಂ ತಾಲೂಕಿನ ಒಂದು ಊರಿನಲ್ಲಿ, ರಸ್ತೆಗೆ ಅಂಟಿಕೊಂಡು. ಊರಿನ ಹೆಸರು ಬೇಡ. ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಎಷ್ಟೋ ಊರುಗಳಲ್ಲಿ ಇದೇ ಕಥೆ. ಮುಂದಿನ ರಸ್ತೆಯಲ್ಲಿ ಸುಣ್ಣದ ಕಲ್ಲು ತುಂಬಿದ ಲಾರಿ, ಬೂದಿ ತುಂಬಿದ ಲಾರಿ, ಸಿಮೆಂಟ್ ತುಂಬಿದ ಲಾರಿ. ಹಿಂದೆ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವ ಮಷೀನುಗಳು. ಎರಡರ ನಡುವೆ ನಾವು, ಕನ್ನಡ ವರ್ಣಮಾಲೆ ಹೇಳಿಕೊಡುತ್ತೇವೆ. ಬೆಳಿಗ್ಗೆ ಬೋರ್ಡಿನ ಮೇಲೆ ಬೆರಳಿನಿಂದ 'ಅ' ಬರೆಯಬಹುದು, ಸೀಮೆಸುಣ್ಣ ಬೇಕಿಲ್ಲ. ನಾನು ಸೇಡಂನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಸೇಡಂ ಪೇಟೆಯೊಳಗಿನ ನಮ್ಮ ಮನೆಯಲ್ಲೂ ಧೂಳು ತಪ್ಪಿದ್ದಲ್ಲ. ಲಿಂಗಪೂಜೆಗೆ ತಂದ ಬಿಲ್ವಪತ್ರೆಯನ್ನು ಅತ್ತೆ ಒಂದೊಂದಾಗಿ ಸೆರಗಿನಿಂದ ಒರೆಸಿ, ಆಮೇಲೆ ತೊಳೆದು ಏರಿಸುತ್ತಾರೆ. ಶಿವನಿಗೂ ನಮ್ಮ ಕಡೆ ಒರೆಸಿಯೇ ಕೊಡಬೇಕು.

ಪಾಳಿ ಶುರುವಾದದ್ದು ಒಂದು ತಪ್ಪಿನಿಂದ. ಇಲಾಖೆಯವರು ಮಗುವಿಗೊಂದು ಗಿಡ ಎಂದು ಹೇಳಿ ಸಸಿ ಕಳಿಸಿದ್ದರು. ನೆರಳು ಅಗಲವಾಗಿ ಬರಲಿ ಎಂದು ನಾವು ಬಾದಾಮಿ ಗಿಡಗಳನ್ನು ಆರಿಸಿಕೊಂಡೆವು. ಕೈಯಗಲದ ಎಲೆ ನೋಡಿ ಮಕ್ಕಳಿಗೆ ಹಿಗ್ಗೋ ಹಿಗ್ಗು. ಒಂದು ವಾರದಲ್ಲಿ ಎಲೆಗಳೆಲ್ಲ ಬೂದಿ ಬಣ್ಣಕ್ಕೆ ಬಂದವು. ಮಕ್ಕಳು ಮರುಕಪಟ್ಟು, ಪಾಪ, ಕೊಡದಲ್ಲಿ ನೀರು ತಂದು ಮೇಲಿನಿಂದ ಸುರಿದರು. ಎಮ್ಮೆಯ ಮೈ ತೊಳೆಯುವ ಉತ್ಸಾಹ. ಮಧ್ಯಾಹ್ನದ ಬಿಸಿಲು ಬಿದ್ದದ್ದೇ ತಡ, ಎಲೆಗಳ ಮೇಲೆ ಗೋಡೆಗೆ ಗಿಲಾವ್ ಮಾಡಿದಂತೆ ಒಂದು ಪದರ ಗಟ್ಟಿಯಾಗಿ ಕೂತಿತು. ಉಗುರಿನಿಂದ ಕೆರೆದರೆ ಪದರದ ಜೊತೆ ಎಲೆಯೂ ಮುರಿದು ಬರುತ್ತಿತ್ತು. ಸಿಮೆಂಟಿಗೆ ನೀರು ಹಾಕಿದರೆ ಏನಾಗುತ್ತದೆ ಎಂದು ಈ ಮಕ್ಕಳಿಗೆ ಗೊತ್ತಿಲ್ಲದೆ ಏನು, ಅಪ್ಪಂದಿರ ಕೆಲಸವೇ ಅದು. ಆದರೆ ಅದು ಗೋಡೆಯ ವಿಷಯ, ಇದು ಗಿಡದ ವಿಷಯ ಎಂದುಕೊಂಡಿದ್ದರು. ಸಸಿಗಳಲ್ಲಿ ಅರ್ಧಕ್ಕರ್ಧ ಹೋದವು.

ಅಂದಿನಿಂದ ಕಟ್ಟಳೆ ಆಯಿತು. ಮೊದಲು ಒಣ ಬಟ್ಟೆ, ಎಲೆಯ ಮೇಲೊಂದು ಸಲ, ಕೆಳಗೊಂದು ಸಲ. ನೀರು ಬೇರಿಗೆ ಮಾತ್ರ. ಜೋರು ಮಳೆ ಬಂದ ದಿನ ಪಾಳಿಗೆ ರಜೆ. ಬರೀ ತುಂತುರು ಬಿದ್ದ ದಿನ ಮಕ್ಕಳು ಆಕಾಶಕ್ಕೆ ಬೈಯುತ್ತ ಶಾಲೆಗೆ ಓಡಿ ಬರುತ್ತಿದ್ದರು, ಎಲೆಯ ಮೇಲಿನ ಧೂಳು ಗಟ್ಟಿಯಾಗುವ ಮುಂಚೆ ಒರೆಸಬೇಕೆಂದು. ಮಳೆಗೆ ಬೈಯುವ ಮಕ್ಕಳನ್ನು ನಾನು ಬೇರೆಲ್ಲೂ ನೋಡಿಲ್ಲ.

ಎಲೆಗೆ ಉಸಿರಾಟ ಇರುತ್ತದೆ, ಅದರ ಮೈತುಂಬ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ, ಧೂಳು ಕೂತರೆ ಅವು ಮುಚ್ಚುತ್ತವೆ ಎಂದು ಪಾಠ ಮಾಡಿದ ದಿನ ಒಬ್ಬ ಹುಡುಗಿ ಎದ್ದು ನಿಂತಳು. ನಾಲ್ಕನೆಯ ಇಯತ್ತೆಯವಳು. ಬಿಸಿಯೂಟ ಮಾಡುವ ಅಡಿಗೆಯಾಕೆಯ ಮಗಳು, ತಂದೆ ಲಾರಿಗೆ ಚೀಲ ಹೇರುವವನು. ತೆಳ್ಳಗೆ ಕಡ್ಡಿಯ ಹಾಗಿದ್ದಳು. ಅವಳಿಗೆ ದಮ್ಮು. ಚಳಿಗಾಲ ಬಂತೆಂದರೆ ಎದೆಯೊಳಗೆ ಸೀಟಿ ಊದಿದಂತೆ ಸದ್ದು, ಹಿಂದಿನ ಬೆಂಚಿನವರೆಗೂ ಕೇಳುತ್ತಿತ್ತು.

"ಟೀಚರ್, ಹಂಗಾರ ಗಿಡಕ್ಕೂ ನನ್ನಂಗೇ ದಮ್ಮ ಹತ್ತತದೇನ್ರಿ?"

ಹೂಂ ಎಂದೆ. ಮತ್ತೇನು ಹೇಳಬೇಕಿತ್ತು, ಪಾಠ ಹೇಳುವುದೇ ಅದನ್ನು.

ಅವತ್ತಿನಿಂದ ಅವಳದು ಪಾಳಿ ಅಲ್ಲ, ವ್ರತ. ಉಳಿದವರು ಮೂರು ಎಲೆ ಒರೆಸಿ ಬಟ್ಟೆಯಿಂದ ಒಬ್ಬರಿಗೊಬ್ಬರು ಹೊಡೆದಾಡಿಕೊಂಡರೆ, ಇವಳು ಕಂಪೌಂಡಿನ ಪಕ್ಕದ ತನ್ನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಎಲೆಯನ್ನೂ ಅಂಗೈ ಮೇಲೆ ಇಟ್ಟುಕೊಂಡು ಒರೆಸುವಳು. ಗಿಡ ಅವಳಿಗಿಂತ ಎತ್ತರ ಆದಮೇಲೆ ಬಕೆಟ್ ಬೋರಲು ಹಾಕಿ ಹತ್ತುತ್ತಿದ್ದಳು. ಬಟ್ಟೆ ಝಾಡಿಸಿದಾಗ ಮುಖದ ಸುತ್ತ ಬೂದಿಯ ಮೋಡ. ಹಿಂದೆಯೇ ಕೆಮ್ಮು.

ಅವಳ ತಾಯಿ ನನ್ನನ್ನು ಅಡಿಗೆ ಕೋಣೆಯ ಬಾಗಿಲಿಗೆ ಕರೆದಳು. "ಟೀಚರ್, ದವಾಖಾನ್ಯಾಗ ಧೂಳಿನಾಗ ಬಿಡಬ್ಯಾಡ ಅಂದಾರ್ರಿ. ಮನ್ಯಾಗ ನಾ ಹೇಳಿದ್ರ ಕೇಳಂಗಿಲ್ಲ. ನೀವರೆ ಬೈರಿ." ನಾನು ಬೈದೆ. ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ. ಅವಳ ಹೆಸರನ್ನು ಪಾಳಿಯಿಂದ ತೆಗೆದುಹಾಕಿದೆ. ಅವಳು ಎಲ್ಲರಿಗಿಂತ ಮೊದಲು, ನನ್ನ ಬಸ್ಸು ಬರುವ ಮುಂಚೆಯೇ ಬಂದು ಒರೆಸಿಬಿಡುತ್ತಿದ್ದಳು. ನಾನು ಗೇಟು ದಾಟಿದಾಗ ಅವಳ ಗಿಡ ಒಂದೇ ಹಸಿರಾಗಿ ನಿಂತಿರುತ್ತಿತ್ತು, ಅವಳು ಏನೂ ಗೊತ್ತಿಲ್ಲದವಳಂತೆ ಮಗ್ಗಿ ಹೇಳುತ್ತಿದ್ದಳು.

ಅಷ್ಟರಲ್ಲಿ ಮೇಲಿನವರು ಶಾಲೆ ನೋಡಲು ಬರುವ ಸುದ್ದಿ ಬಂತು. ನಮ್ಮ ಮುಖ್ಯ ಗುರುಗಳು ಕೆಟ್ಟವರಲ್ಲ, ಅಂಜುಬುರುಕರು. ಗಿಡ ಹಸಿರು ಕಾಣಬೇಕೆಂದು ಹಿಂದಿನ ದಿನ ಮಧ್ಯಾಹ್ನ ಪಾಠ ನಿಲ್ಲಿಸಿ ಶಾಲೆಗೆ ಶಾಲೆಯನ್ನೇ ಅಂಗಳಕ್ಕೆ ಇಳಿಸಿದರು. ನಾನು ಆ ಹೊತ್ತಿಗೆ ಸೇಡಂನಲ್ಲಿ ಮೀಟಿಂಗಿಗೆ ಕೂತಿದ್ದೆ. ಹುಡುಗಿಯನ್ನು ತಡೆಯುವವರು ಯಾರೂ ಇರಲಿಲ್ಲ, ತಾಯಿ ಪಾತ್ರೆ ತೊಳೆಯುತ್ತಿದ್ದಳು.

ಮರುದಿನ ಬಂದ ಸಾಹೇಬರು ಅವಳ ಗಿಡದ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಂಡರು. ಎಲೆ ಮುಟ್ಟಿ ನೋಡಿದರು. "ಗಿಡಗಳು ನಮಗೆ ಶುದ್ಧ ಗಾಳಿ ಕೊಡುತ್ತವೆ. ನಿಮ್ಮಂಥ ಮಕ್ಕಳು ಇದ್ದರೆ ಪರಿಸರಕ್ಕೆ ಯಾವ ಭಯವೂ ಇಲ್ಲ" ಎಂದರು. ಆ ಮಾತಿನ ಹಿಂದೆಯೇ ಲಾರಿಗಳ ಒಂದು ಸಾಲು ಹೋಯಿತು, ಸಾಹೇಬರು ಕರ್ಚೀಫು ಮೂಗಿಗೆ ಹಿಡಿದು ಮಾತು ಮುಗಿಸಿದರು. ನಾನು ನೆಲ ನೋಡುತ್ತ ನಿಂತೆ. ತಲೆ ಎತ್ತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಜೀಪು ತಿರುಗುವ ಹೊತ್ತಿಗೆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿ. ಮಾತು ಹೊರಡುತ್ತಿರಲಿಲ್ಲ, ಎರಡೂ ಭುಜ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತಿದ್ದವು. ದವಾಖಾನೆಗೆ ಹೊರಟ ಆಟೊದಲ್ಲಿ ತಾಯಿಯ ತೊಡೆಯ ಮೇಲೆ ಅವಳು, ಪಕ್ಕದಲ್ಲಿ ನಾನು. ಕಾಗಿಣಾ ಹೊಳೆಯ ಸೇತುವೆಯ ಹತ್ತಿರ ಲಾರಿಗಳು ಅಡ್ಡ ನಿಂತು ದಾರಿ ಕಟ್ಟಿದ್ದವು. ನಾನು ಇಳಿದು ಹೋಗಿ ಡ್ರೈವರುಗಳಿಗೆ ಬಾಯಿಗೆ ಬಂದಂತೆ ಬೈದೆ. ಅವರು ಪಾಪ ಹಿಂದೆ ಸರಿಸಿ ದಾರಿ ಬಿಟ್ಟರು. ದವಾಖಾನೆಯಲ್ಲಿ ಮಷೀನಿನಿಂದ ಔಷಧದ ಹೊಗೆ ಕೊಟ್ಟಮೇಲೆ ಅವಳ ಉಸಿರು ಒಂದು ಹದಕ್ಕೆ ಬಂತು. ಡಾಕ್ಟರು ತಾಯಿಗೆ ಹೇಳಿದ್ದು ಒಂದೇ ಮಾತು, ಈ ಕೂಸು ಆ ಊರಲ್ಲಿ ಇರಬಾರದು.

ಇರಬಾರದು ಎಂದರೆ ಎಲ್ಲಿಗೆ ಹೋಗಬೇಕು? ಚಿಂಚೋಳಿ ಕಡೆ, ಕಾಡಿನ ಅಂಚಿನ ಒಂದು ಊರಲ್ಲಿ ಅವಳ ಚಿಕ್ಕಮ್ಮ ಇದ್ದಳು. ದೀಪಾವಳಿ ಮುಗಿದಮೇಲೆ ಅಲ್ಲಿಗೆ ಕಳಿಸುವುದೆಂದು ಆಯಿತು. ಹುಡುಗಿ ಹೋಗಲೊಲ್ಲೆ ಎಂದು ಹಟ ಹಿಡಿದಳು, ಗಿಡ ಯಾರು ನೋಡುತ್ತಾರೆ ಎಂದು. ಕಡೆಗೆ ಅವಳ ಗೆಳತಿಯನ್ನು ಕರೆದು, ಎಲ್ಲರ ಮುಂದೆ ಅವಳ ಬಟ್ಟೆಯನ್ನು ಗೆಳತಿಯ ಕೈಗೆ ಕೊಡಿಸಿದೆ. ಆಗ ಬಸ್ಸು ಹತ್ತಿದಳು.

ಆ ಚಳಿಗಾಲ ತರಗತಿಯಲ್ಲಿ ಸೀಟಿಯ ಸದ್ದು ಇರಲಿಲ್ಲ. ತಾಯಿ ಆಗಾಗ ಸುದ್ದಿ ಹೇಳುತ್ತಿದ್ದಳು. ಹೋದ ಮರುದಿನವೇ ಹುಡುಗಿ ಹಳೆಯ ಬಟ್ಟೆ ಹಿಡಿದು ಚಿಕ್ಕಮ್ಮನ ಹಿತ್ತಲಿನ ಪೇರಲ ಗಿಡ ಒರೆಸಲು ನಿಂತಿದ್ದಳಂತೆ. "ಅವರು ಹೆದರಿಬಿಟ್ಟಾರ್ರಿ, ಇದಕ್ಕ ಗಾಳಿ ಬಡದದ ಏನ ಅಂತ. ನಿಂಬಿಹಣ್ಣ ಇಳಿಸಿ ಒಗದಾರ" ಎಂದು ತಾಯಿ ನಗುತ್ತಲೇ ಹೇಳಿ, ಕಣ್ಣು ಒರೆಸಿಕೊಂಡಳು. ಅಲ್ಲಿ ದಮ್ಮು ಬರಲಿಲ್ಲ. ಓಡುತ್ತಾಳೆ, ಗುಡ್ಡ ಹತ್ತುತ್ತಾಳೆ, ಎರಡು ರೊಟ್ಟಿ ಉಣ್ಣುತ್ತಾಳೆ. ಅದನ್ನು ಕೇಳಿದಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಒಂದು ಜೀವವಾದರೂ ದಾಟಿತಲ್ಲ ಎನಿಸಿತು.

ದಾಟಿರಲಿಲ್ಲ. ಬೇಸಿಗೆಯಲ್ಲಿ ಚಿಕ್ಕಮ್ಮನ ಮನೆಯವರು ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೊರಟರು. ಅಲ್ಲಿ ಗುಡಿಸಲಲ್ಲಿ ಅವರಿಗೇ ಜಾಗ ಸಾಲದು. ಜೂನಿನಲ್ಲಿ ಶಾಲೆ ತೆರೆದ ದಿನ ಅಡಿಗೆಯಾಕೆ ಮಗಳ ಕೈ ಹಿಡಿದು ನನ್ನ ಮುಂದೆ ನಿಂತಳು. "ಬಂದಾಳ್ರಿ" ಎಂದಳು. ಹುಡುಗಿ ಮೈ ತುಂಬಿಕೊಂಡಿದ್ದಳು, ಕೆನ್ನೆ ಬಂದಿದ್ದವು. ಪಾಳಿಯ ಪಟ್ಟಿ ತೆಗೆದು ಅದರಲ್ಲಿ ಅವಳ ಹೆಸರು ಇಲ್ಲವೆಂದು ಇನ್ನೊಮ್ಮೆ ನೋಡಿಕೊಂಡೆ.

ರಜೆಯಲ್ಲಿ ಒರೆಸುವವರಿಲ್ಲದೆ ಗಿಡಗಳೆಲ್ಲ ಬೂದಿ ಹಿಡಿದು ನಿಂತಿದ್ದವು. ಅಂಗಳವನ್ನು ಉಳಿದ ಮಕ್ಕಳಿಗೆ ಬಿಟ್ಟು ಅವಳನ್ನು ನಾನು ತರಗತಿಯಲ್ಲೇ ಕೂಡಿಸಿಕೊಂಡೆ. ಪಾಳಿ ಮುಗಿಸಿ ಎಲ್ಲರೂ ಒಳಗೆ ಬಂದಮೇಲೆ, ಅಲ್ಲಿ ಏನೇನು ನೋಡಿದೆ ಹೇಳು ಎಂದೆ. ನವಿಲು, ಹಳ್ಳ, ಮಂಗ ಎಲ್ಲ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಎಲಿ ಒರಸಿದ್ರ ಬಟ್ಟಿಗಿ ಏನೂ ಹತ್ತಂಗಿಲ್ಲ" ಎಂದಳು.

ಒಂದನೆಯ ಇಯತ್ತೆಯ ಪುಟ್ಟ ಹುಡುಗಿಯೊಬ್ಬಳು ಮುಂದೆ ಕೂತಿದ್ದಳು. ಒಂದರಿಂದ ಐದರವರೆಗೆ ನಮ್ಮಲ್ಲಿ ಒಂದೇ ಕೋಣೆ. ಅವಳು ಕೇಳಿದಳು, "ಅಕ್ಕಾ, ಅಷ್ಟೊಂದು ಗಿಡಾ ಅಲ್ಲಿ ಯಾರ ಒರಸ್ತಾರ?"

"ಯಾರೂ ಒರಸಂಗಿಲ್ಲ. ಅವು ಹಂಗೇ ಇರ್ತಾವ."

ತರಗತಿ ನಕ್ಕಿತು. "ಸುಳ್ಳ ಹೇಳ್ಲಿಕತ್ತಾಳ್ರಿ ಟೀಚರ್" ಎಂದು ಹಿಂದಿನಿಂದ ದನಿ ಬಂತು. ಎಲ್ಲರೂ ನನ್ನ ಮುಖ ನೋಡಿದರು. ಖರೆ ಅದ, ನಾನೂ ನೋಡಿದ್ದೇನೆ ಎಂದೆ. ನಗು ನಿಂತಿತು. ಗೆಳತಿ, ದೀಪಾವಳಿಯಿಂದ ಬೇಸಿಗೆ ರಜೆಯವರೆಗೆ ಇವಳ ಗಿಡ ಒರೆಸಿದವಳು, ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು, "ಹಂಗಾರ ನಾವ್ಯಾಕ ಒರಸಬೇಕ್ರಿ?"

ಪರಿಸರ ಕಾಪಾಡುವುದು ನಮ್ಮೆಲ್ಲರ ಕರ್ತವ್ಯ ಎಂದು ನಾನೇ ದಪ್ಪ ಅಕ್ಷರದಲ್ಲಿ ಗೋಡೆಗೆ ಬರೆಸಿದ್ದೇನೆ. ಧೂಳು ಎಬ್ಬಿಸುವವರು ಯಾರು, ಒರೆಸುವವರು ಯಾರು ಎಂದು ಅಲ್ಲಿ ಬರೆಸಿಲ್ಲ. ಆ ಮಕ್ಕಳ ಮುಂದೆ ನನಗೆ ಬಂದದ್ದು ನಾಚಿಕೆಯಲ್ಲ, ಕೆಟ್ಟ ಕೋಪ. ಅದನ್ನು ಯಾರ ಮೇಲೆ ಹಾಕಬೇಕೋ ಅವರು ಯಾರೂ ಆ ಕೋಣೆಯಲ್ಲಿರಲಿಲ್ಲ. ಪುಸ್ತಕ ತೆಗೆಯಿರಿ ಎಂದೆ.

ವಾರ ಕಳೆಯುವುದರೊಳಗೆ ಹಿಂದಿನ ಬೆಂಚಿಗೆ ಮತ್ತೆ ಸೀಟಿಯ ಸದ್ದು ಕೇಳತೊಡಗಿತು. ತಾಯಿ ತನ್ನ ಸೆರಗು ಹರಿದು ಮಗಳ ಮೂಗು ಬಾಯಿ ಕಟ್ಟಿ ಕಳಿಸುತ್ತಿದ್ದಳು. ಬೇರೆ ಯಾರಾದರೂ ಬಳಗದವರು ದೂರದ ಊರಲ್ಲಿ ಇದ್ದಾರಾ ಎಂದು ಕೇಳಿದೆ. ಇದ್ದವರೆಲ್ಲ ವಾಡಿ, ಶಹಾಬಾದ್ ಎಂದಳು. ನನ್ನ ಮನೆಯಲ್ಲೇ ಇಟ್ಟುಕೊಳ್ಳೋಣ ಎಂದು ಒಂದು ರಾತ್ರಿ ಯೋಚಿಸಿದೆ. ಬೆಳಿಗ್ಗೆ ಅತ್ತೆ ಪತ್ರೆ ಒರೆಸುವುದು ಕಣ್ಣಿಗೆ ಬಿತ್ತು, ಆ ಯೋಚನೆ ಬಿಟ್ಟೆ.

ನಿನ್ನೆ ಮೊದಲ ಬಸ್ಸಿಗೇ ಹೋದೆ. ಅಂದುಕೊಂಡ ಹಾಗೆಯೇ ಅವಳು ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತಿದ್ದಳು. ಮುಖದ ಬಟ್ಟೆ ಕೊರಳಿಗೆ ಇಳಿದಿತ್ತು. ನಾನು ಹಿಂದಿನಿಂದ ಹೋಗಿ ಕೈಯಲ್ಲಿನ ಬಟ್ಟೆ ಕಸಿದುಕೊಂಡೆ. "ನಿನಗ ಸಾಯೋದದ ಏನ? ಡಾಕ್ಟರ್ ಏನ ಹೇಳ್ಯಾರ?" ಎಂದು ಕೂಗಾಡಿದೆ. ಅವಳು ಅಳಲಿಲ್ಲ, ಬಕೆಟಿನಿಂದ ಇಳಿಯಲೂ ಇಲ್ಲ. ಉಸಿರು ಸಾಲದ್ದಕ್ಕೆ ಮಾತನ್ನು ತುಂಡು ತುಂಡಾಗಿ ಆಡಿದಳು.

"ನನಗ ಚಿಂಚೋಳಿಗಿ ಕಳಿಸಿದ್ರಿ. ಇದಕ್ಕ ಎಲ್ಲಿಗಿ ಕಳಸ್ತೀರಿ?"

ನಾನು ಬಟ್ಟೆ ಕೊಡಲಿಲ್ಲ. ಅವಳು ಕೊರಳಿನದನ್ನು ಬಿಚ್ಚಿ ಒರೆಸತೊಡಗಿದಳು.